ಕರಿಬೇವು ಹಿಡಿದು ಬಂದ ಓನರ್

ಬೆಂಗಳೂರಿನ ಬಾಡಿಗೆ ಮನೆಯ ಕಾಲಿಂಗ್ ಬೆಲ್ ಎರಡು ಬಗೆಯಲ್ಲಿ ಕೂಗುತ್ತದೆ. ಒಂದು ಸಲ ಕೂಗಿ ಸುಮ್ಮನಾದರೆ ಕೊರಿಯರ್‌ನವನು. ಬೆಲ್ಲಿನ ಜೊತೆಗೇ ಚಿಲಕವೂ ಅಲ್ಲಾಡಿತೆಂದರೆ ಓನರ್. ಕೈಯಲ್ಲಿ ಒಂದು ಹಿಡಿ ಕರಿಬೇವು ಇರುತ್ತದೆ. ಅದು ಅವರ ಪಾಸ್‌ಪೋರ್ಟು. "ಗಿಡದಲ್ಲಿ ಜಾಸ್ತಿ ಆಗಿತ್ತು, ಕೊಟ್ಟು ಹೋಗೋಣ ಅಂತ" ಎನ್ನುವಷ್ಟರಲ್ಲಿ ಅವರ ಕಣ್ಣು ಹಾಲ್ ದಾಟಿ ಸಿಂಕಿನ ತನಕ ಹೋಗಿ, ನಲ್ಲಿ ತೊಟ್ಟಿಕ್ಕುತ್ತಿದೆಯೇ, ಗೋಡೆಗೆ ಹೊಸ ಮೊಳೆ ಬಿದ್ದಿದೆಯೇ, ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಎಂದೆಲ್ಲ ಎಣಿಸಿ ವಾಪಸ್ ಬಂದಿರುತ್ತದೆ. ಕರಿಬೇವು ಒಗ್ಗರಣೆಗೆ ಬೀಳುವ ಮೊದಲೇ ಇನ್‌ಸ್ಪೆಕ್ಷನ್ ಮುಗಿದಿರುತ್ತದೆ.

ಓನರ್ ಹೀಗೆ ಬರಬಹುದೇ? ಬರಬಹುದು, ಬರಬಾರದು. ಎರಡೂ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಒಂದೇ ಸೆಕ್ಷನ್ನಿನಲ್ಲಿವೆ. ಬಾಡಿಗೆ ಕಟ್ಟಿಕೊಂಡು ಕರಾರಿನಂತೆ ನಡೆಯುವವರು ಅಡ್ಡಿಯಿಲ್ಲದೆ ಮನೆಯಲ್ಲಿರಬಹುದು ಎನ್ನುತ್ತದೆ 108ನೇ ಸೆಕ್ಷನ್. ಸ್ವಲ್ಪ ಕೆಳಗಿಳಿದರೆ, ಓನರ್ ಮತ್ತು ಅವರ ಕಡೆಯವರು "ಸಮಂಜಸ" ಹೊತ್ತಿನಲ್ಲಿ ಬಂದು ಮನೆಯ ಸ್ಥಿತಿ ನೋಡುವುದಕ್ಕೆ ಬಿಡಬೇಕು ಅಂತಲೂ ಹೇಳುತ್ತದೆ. ಸಮಂಜಸ ಅಂದರೆ ಎಷ್ಟು ಗಂಟೆ? ಕಾಯ್ದೆ ಬಾಯಿ ಬಿಡುವುದಿಲ್ಲ. ನಾಲ್ಕೂವರೆಗೆ ಎದ್ದು ವಾಕಿಂಗ್ ಮುಗಿಸಿದ ನಿವೃತ್ತ ಓನರ್‌ಗೆ ಭಾನುವಾರ ಬೆಳಗಿನ ಏಳು ಗಂಟೆ ಅಂದರೆ ಮಟಮಟ ಮಧ್ಯಾಹ್ನ. ನೈಟ್ ಶಿಫ್ಟ್ ಮುಗಿಸಿ ಆಗಷ್ಟೇ ಮಲಗಿದ ಬಾಡಿಗೆದಾರನಿಗೆ ಅದು ನಡುರಾತ್ರಿ.

ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆಯಲ್ಲ ಎನ್ನಬಹುದು. ಅದರ ಕೈ ಮುಟ್ಟುವುದು ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಯನ್ನು. ಬೆಂಗಳೂರಿನಲ್ಲಿ ಈಗ ಆ ದುಡ್ಡಿಗೆ ಕಾರು ನಿಲ್ಲಿಸಲು ನೆರಳು ಸಿಕ್ಕರೆ ಪುಣ್ಯ. ಇನ್ನು ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಿಜ. ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ ಆಗಿದ್ದರು. ಆದರೆ ಅದು ಮುಖ್ಯವಾಗಿ ಸರ್ಕಾರದ ಎದುರು ಹಿಡಿಯುವ ಗುರಾಣಿ. ಹೊಸ್ತಿಲಲ್ಲಿ ನಿಂತ ಓನರ್‌ಗೆ ಆ ತೀರ್ಪು ಓದಿ ಹೇಳಿದರೆ, "ಹೌದಾ, ಅಡ್ವಾನ್ಸ್ ಯಾವಾಗ ವಾಪಸ್ ಬೇಕು?" ಎಂದು ಕೇಳುತ್ತಾರೆ.

ಕೆಲಸಕ್ಕೆ ಬರುವುದು 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ಒಳಗೆ ಬರುವ ಮುನ್ನ 24 ಗಂಟೆಯ ನೋಟಿಸ್ ಕೊಡಬೇಕು, ವಾಟ್ಸಾಪಿನಂಥದ್ದರಲ್ಲಿ ಕಳಿಸಿದರೂ ಸರಿ. ದಿನ, ಹೊತ್ತು, ಕಾರಣ ತಿಳಿಸಬೇಕು. ಸೂರ್ಯೋದಯಕ್ಕೆ ಮುಂಚೆ, ಸೂರ್ಯಾಸ್ತದ ಮೇಲೆ ಕಾಲಿಡುವಂತಿಲ್ಲ. ಯುದ್ಧ, ಪ್ರವಾಹ, ಬೆಂಕಿ, ಚಂಡಮಾರುತ, ಭೂಕಂಪಗಳಂಥ ಹೊತ್ತಿನಲ್ಲಿ ಮಾತ್ರ ನೋಟಿಸ್ ಬೇಡ. ಪಟ್ಟಿಯಲ್ಲಿ ಕರಿಬೇವು ಇಲ್ಲ. ಇದು ಬರೀ ಮಾದರಿ, ರಾಜ್ಯ ತನ್ನ ಕಾನೂನು ಮಾಡಿಕೊಂಡರಷ್ಟೇ ಅದಕ್ಕೆ ಜೀವ. ಹಾಗಂತ ಅದರ ವಾಕ್ಯಗಳನ್ನು ನಮ್ಮ ಅಗ್ರಿಮೆಂಟಿಗೆ ಇಳಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ. 108ನೇ ಸೆಕ್ಷನ್ ಕೂಡ ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಮಾತ್ರ ನಡೆಯುವಂಥದ್ದು.

ಎಡವಟ್ಟಾಗುವುದು ಅಗ್ರಿಮೆಂಟಿನ ದಿನವೇ. ಟೈಪಿಸ್ಟ್ ಕಂಪ್ಯೂಟರಿನಲ್ಲಿ ಹಳೇ ಫೈಲ್ ತೆಗೆದು, ಹೆಸರು, ಬಾಡಿಗೆ ಬದಲಿಸಿ, ಹನ್ನೊಂದು ತಿಂಗಳು ಎಂದು ಹಾಕಿ ಪ್ರಿಂಟ್ ಕೊಡುತ್ತಾನೆ. "ಎಲ್ಲ ಸಮಂಜಸ ಸಮಯಗಳಲ್ಲಿ" ಎಂಬ ಸಾಲು ಯಾವ ಕಾಲದಿಂದಲೋ ಆ ಫೈಲಿನಲ್ಲಿ ಮಲಗಿರುತ್ತದೆ. ಸಹಿ ಹಾಕುವ ಮುಂಚೆ ಅದನ್ನು ತೆಗೆಸಿ, "24 ಗಂಟೆ ಮುಂಚೆ ಮೆಸೇಜ್, ಬೆಳಗ್ಗೆ 10ರಿಂದ ಸಂಜೆ 6ರೊಳಗೆ, ಬಾಡಿಗೆದಾರರು ಇರುವಾಗ" ಎಂದು ಬರೆಸಬೇಕು. ಅಡ್ವಾನ್ಸ್ ಎಣಿಸಿ ಕೊಟ್ಟ ಮೇಲೆ ಅಲ್ಪವಿರಾಮ ಬದಲಿಸುವುದೂ ಕಷ್ಟ.

ಈಗ ಬೀಗದ ವಿಷಯ. ಓನರ್ ಹತ್ತಿರ ಒಂದು ಸ್ಪೇರ್ ಕೀ ಇದ್ದೇ ಇರುತ್ತದೆ. ಹಿಂದಿನ ಬಾಡಿಗೆದಾರ, ಅವನ ಕೆಲಸದಾಕೆ, ಬ್ರೋಕರ್ ಇವರ ಹತ್ತಿರವೂ ಇದ್ದೀತು. ಹೊಸ ಅಪಾರ್ಟ್‌ಮೆಂಟಿನ ಬಾಗಿಲಾದರೆ ಇಡೀ ಲಾಕ್ ಬದಲಿಸುವುದು ಬೇಡ, ಕೀ ಹೋಗುವ ಒಳಗಿನ ಸಿಲಿಂಡರ್ ಬದಲಿಸಿದರೆ ಸಾಕು. ಬಾಗಿಲು ತೆಗೆದು ಅದರ ಅಂಚು ನೋಡಿ: ಕೀ ತೂತಿನ ಎತ್ತರಕ್ಕೇ ಒಂದು ಉದ್ದ ಸ್ಕ್ರೂ ಇರುತ್ತದೆ. ಅದನ್ನು ಬಿಚ್ಚಿ, ಕೀ ಹಾಕಿ ಗಡಿಯಾರದ ಮುಳ್ಳು ಹನ್ನೆರಡರಿಂದ ಒಂದಕ್ಕೆ ಸರಿದಷ್ಟು ತಿರುಗಿಸಿ ಎಳೆದರೆ ಸಿಲಿಂಡರ್ ಬೆಣ್ಣೆಯಂತೆ ಬರುತ್ತದೆ. ಬರದಿದ್ದರೆ ಇನ್ನೊಂದು ಕಡೆಗೆ ತಿರುಗಿಸಿ ನೋಡಬೇಕು. ನಡುವಿನ ಪುಟ್ಟ ನಾಲಿಗೆ ಮೈಯೊಳಗೆ ಅಡಗಿದರೆ ಮಾತ್ರ ಅದು ಹೊರಬರುವುದು. ಇದು ತಿಳಿಯದವರು ಸುತ್ತಿಗೆ ತರುತ್ತಾರೆ, ಆಮೇಲೆ ಬಡಗಿಯನ್ನು ಕರೆಯುತ್ತಾರೆ. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯದ್ದು ತನ್ನಿ. 60 ಮಿಲಿಮೀಟರಿನ ಜಾಗಕ್ಕೆ 70ರದ್ದು ಹಾಕಿದರೆ ಎರಡೂ ಕಡೆ ಮೂತಿ ಚಾಚಿ, ಇಕ್ಕಳ ಇದ್ದವರಿಗೆ ಹಿಡಿದು ಮುರಿಯಲು ಅನುಕೂಲ. ಬಾಗಿಲ ಸರಪಳಿ ಹಾಕಿಸುವುದಾದರೆ ಜೊತೆಗೆ ಬರುವ ಅರ್ಧ ಇಂಚಿನ ಸ್ಕ್ರೂ ನಂಬಬೇಡಿ. ಒಂದು ತಳ್ಳಿಗೆ ಕಿತ್ತು ಬರುತ್ತವೆ. ಒಂದೂವರೆ ಇಂಚಿನವು ಬೇಕು, ಆದರೆ ಚೌಕಟ್ಟಿಗೆ ತೂತು ಕೊರೆಯುವ ಮುಂಚೆ ಓನರ್‌ಗೆ ಹೇಳಿ. ಮೊಳೆಯೊಂದಕ್ಕೆ ಪೇಂಟಿಂಗ್ ದುಡ್ಡು ಹಿಡಿದುಕೊಳ್ಳುವವರು ಸ್ಕ್ರೂಗೆ ಬಿಡುತ್ತಾರೆಯೇ!

ಓನರ್‌ದೂ ಒಂದು ನ್ಯಾಯವಿದೆ. ನೀವು ಊರಿಗೆ ಹೋದಾಗ ಬಾತ್‌ರೂಮಿನ ಆಂಗಲ್ ಕಾಕ್ ಒಡೆದು ಕೆಳಗಿನ ಮನೆಯ ಪಿಒಪಿ ಸೀಲಿಂಗ್ ಕಳಚಿ ಬಿದ್ದರೆ, 24 ಗಂಟೆಯ ನೋಟಿಸಿಗೆ ನೀರು ಕಾಯುವುದಿಲ್ಲ. ಹೊಸ ಕೀ ಒಂದನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿದ ಜಾಗದ ಮೇಲೆ ಇಬ್ಬರೂ ಸಹಿ ಹಾಕಿ, ಅದರ ಮೇಲೆ ಸೆಲ್ಲೋಟೇಪ್ ಎಳೆದು ಓನರ್ ಕೈಗೇ ಕೊಡಿ. ಬೆಂಕಿ, ನೀರು, ಗ್ಯಾಸ್ ಮೂರಕ್ಕೆ ಮಾತ್ರ ಅದನ್ನು ಹರಿದು ತೆರೆಯಬೇಕು. ಊರಿಗೆ ಹೊರಡುವಾಗ ಪೈಪುಗಳ ಡಕ್ಟಿನಲ್ಲಿರುವ ಗೇಟ್ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ ಹೋದರೆ ಲಕೋಟೆಗೂ ಕೆಲಸವಿಲ್ಲ.

ಮನೆ ಖಾಲಿ ಮಾಡುತ್ತೇವೆ ಎಂದು ಹೇಳಿದಂದಿನಿಂದ ಮಾತ್ರ ಯಾವ ಬೀಗವೂ ನಿಲ್ಲುವುದಿಲ್ಲ. ಬ್ರೋಕರ್ ಒಂದೇ ಸಂಜೆ ಮೂರು ಸಂಸಾರ ಕರೆತರುತ್ತಾನೆ. ಒಬ್ಬರು ಫ್ಲಶ್ ಎಳೆಯುತ್ತಾರೆ, ಒಬ್ಬರು ದೇವರಕೋಣೆಗೆ ದಿಕ್ಕು ನೋಡುತ್ತಾರೆ, ಇನ್ನೊಬ್ಬರು ನಿಮ್ಮ ವಾರ್ಡ್‌ರೋಬ್ ತೆಗೆದು "ಜಾಗ ಕಮ್ಮಿ" ಎನ್ನುತ್ತಾರೆ. ಬ್ರೋಕರ್ ತೆಗೆದ ವಿಡಿಯೋದಲ್ಲಿ ಬಾಲ್ಕನಿಯ ಹಗ್ಗದ ಮೇಲಿನ ಬನಿಯನ್ ಸಮೇತ ನಿಮ್ಮ ಮನೆ ಊರೆಲ್ಲ ಸುತ್ತುತ್ತದೆ. ಅದಕ್ಕೇ ಮನೆ ಗುಡಿಸಿದ ದಿನ ಎರಡು ನಿಮಿಷದ ವಿಡಿಯೋ ನೀವೇ ಮಾಡಿ ಕಳಿಸಿ. ನೋಡಿ ಬೇಡವೆಂದವರು ಮೆಟ್ಟಿಲು ಹತ್ತುವುದಿಲ್ಲ. ಉಳಿದವರಿಗೆ ವಾರದಲ್ಲಿ ಎರಡು ಹೊತ್ತು, ಶನಿವಾರ 11ರಿಂದ 1, ಬುಧವಾರ ಸಂಜೆ ಒಂದು ತಾಸು ಸಾಕು.

ಹೋಗುವ ದಿನ ಹಳೇ ಸಿಲಿಂಡರನ್ನೇ ಮತ್ತೆ ಕೂರಿಸಿ, ಒಳಬಂದಾಗ ಕೊಟ್ಟಿದ್ದ ಕೀಗಳನ್ನು ಎಣಿಸಿ ಒಪ್ಪಿಸಬೇಕು. "ಮೂರೇನಾ? ನಾಲ್ಕು ಕೊಟ್ಟಿದ್ದೆ" ಎಂದು ಓನರ್ ತಕರಾರು ತೆಗೆಯುತ್ತಾರೆ. ನಾಲ್ಕನೆಯದು ಅವರ ಜೇಬಿನಲ್ಲೇ ಇರುತ್ತದೆ, ನಾಲ್ಕೆಸಳು ಕರಿಬೇವಿನ ಜೊತೆ.