ಮಾತಿಲ್ಲದ ಪರೀಕ್ಷೆ, ಮಾತಿನ ಶಾಲೆ

ನನ್ನ ಮಗಳಿಗೆ ಐದು ವರ್ಷ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ಭಾಷೆ. ಶಾಲೆಗೆ ಸೇರಿದ ಹೊಸತರಲ್ಲೇ ಅವಳ ಬುದ್ಧಿಮಟ್ಟ ಅಳೆದರು. ಪದಗಳ ಅರ್ಥ ಕೇಳಿದ ಕಡೆ ತೀರಾ ಕಡಿಮೆ ಅಂಕ. ಚಿತ್ರಗಳಿದ್ದ ಕಡೆ ತುಂಬ ಒಳ್ಳೆಯ ಅಂಕ. ಮಗು ಒಂದೇ, ದಿನವೂ ಒಂದೇ.

ಭಾಷೆಯ ಈ ತೊಡಕು ಹೊಸದಲ್ಲ. ಫ್ರಾನ್ಸಿನ ಬಿನೆ ಮಾಡಿದ ಬುದ್ಧಿಮಟ್ಟದ ಪರೀಕ್ಷೆಯನ್ನು ನಮ್ಮಲ್ಲಿ ವಿ. ವಿ. ಕಾಮತ್ 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಮಗುವಿನ ಮನೆಮಾತಲ್ಲೇ ಕೇಳುವುದು ಅವರ ದಾರಿ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜಾನ್ ರೇವನ್ ಹಿಡಿದ ದಾರಿಯಲ್ಲಿ ಮಾತೇ ಬೇಡ. ಅವರ ಪರೀಕ್ಷೆ ಬಂದದ್ದು 1938ರಲ್ಲಿ. ಚಿಕ್ಕ ಮಕ್ಕಳಿಗಾಗಿ ಮಾಡಿದ ಬಣ್ಣದ ಪರೀಕ್ಷೆಯಲ್ಲಿ 36 ಚಿತ್ರಗಳಿವೆ. ಪ್ರತಿ ಚಿತ್ರದಲ್ಲೂ ಒಂದು ತುಂಡು ಇರುವುದಿಲ್ಲ. ಕೆಳಗಿನ ಆರು ತುಂಡುಗಳಲ್ಲಿ ಸರಿಯಾದದ್ದನ್ನು ಮಗು ಬೆರಳಿಟ್ಟು ತೋರಿಸಿದರೆ ಸಾಕು.

ನನಗೆ ಈ ಎರಡನೇ ದಾರಿ ಇಷ್ಟ. ಹೊಸ ಭಾಷೆಯ ನಡುವೆ ಬಾಯಿ ಬಿಡದೆ ಕೂತ ಮಗುವಿಗೂ ಯೋಚಿಸಲು ಬರುತ್ತದೆ ಅಂತ ಅದು ತೋರಿಸಿಕೊಡುತ್ತದೆ. ಆದರೆ ಮುಂದೆ ಶಾಲೆಯಲ್ಲಿ ಎಷ್ಟು ಅಂಕ ಬರುತ್ತದೆ ಎಂದು ಊಹಿಸಲು ಸಾಮಾನ್ಯವಾಗಿ ಮಾತಿನ ಪರೀಕ್ಷೆಯೇ ಮೇಲು. ಮೊದಲು ಇದು ನನಗೆ ಅನ್ಯಾಯ ಅನಿಸಿತ್ತು. ಯೋಚಿಸಿದರೆ ಕಾರಣ ಸರಳ. ಶಾಲೆ ನಡೆಯುವುದೇ ಮಾತಿನ ಮೇಲೆ, ಅಲ್ವಾ? ಪಾಠ ಕೇಳಬೇಕು, ಓದಬೇಕು, ಬರೆಯಬೇಕು. ಲೆಕ್ಕವೂ ಎಷ್ಟೋ ಸಲ ವಾಕ್ಯದಲ್ಲೇ ಬರುತ್ತದೆ. ಚಿತ್ರದ ಅಂಕಕ್ಕೂ ಓದಿಗೂ ನಂಟು ಇದೆ, ಆದರೆ ಸಾಧಾರಣ. ನಂಟೇ ಇಲ್ಲದಿದ್ದರೆ 0, ಪೂರ್ತಿ ಇದ್ದರೆ 1 ಅನ್ನುವ ಅಳತೆಯಲ್ಲಿ ಅದು 0.5 ಇದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದ ಕಾಲು ಭಾಗಕ್ಕೆ (0.5 × 0.5 = 0.25) ಮಾತ್ರ ಅದರಿಂದ ವಿವರಣೆ ಸಿಗುತ್ತದೆ. ಉಳಿದದ್ದು ಭಾಷೆ, ಕಲಿಸುವ ರೀತಿ, ಮನೆ, ಮಗುವಿನ ಆಸಕ್ತಿ, ಹೀಗೆ ಎಷ್ಟೋ. ಐದರ ವಯಸ್ಸಲ್ಲಿ ಅಂಕ ಒಂದೆರಡು ವರ್ಷಕ್ಕೇ ಸಾಕಷ್ಟು ಬದಲಾಗಬಹುದು, ಅದೂ ಇದೆ.

ಹಾಗಾಗಿ ಚಿತ್ರದಲ್ಲಿ ಜಾಸ್ತಿ ಅಂಕ ಬಂತು ಅಂತ ಸುಮ್ನೆ ಬಿಡುವುದೂ ತಪ್ಪು. ಮಾತಿನಲ್ಲಿ ಕಡಿಮೆ ಬಂತು ಅಂತ ಮಗುವನ್ನು ಹಿಂದಿನ ಸಾಲಿಗೆ ಕಳಿಸುವುದಂತೂ ದೊಡ್ಡ ತಪ್ಪು. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರ ಜೊತೆ ಅವಳನ್ನು ಹೋಲಿಸಿ ಏನು ತಿಳಿದೀತು? ಅವಳಷ್ಟೇ ಕಾಲದಿಂದ ಆ ಭಾಷೆ ಕಲಿಯುತ್ತಿರುವ ಮಕ್ಕಳ ಜೊತೆ ಹೋಲಿಸಬೇಕು.

ಅವಳ ಟೀಚರ್ ಹತ್ತಿರ ಎರಡು ಮಾತು ಕೇಳಿಕೊಂಡಿದ್ದೇನೆ. ಈ ವರ್ಷ ದಿನಾ ಸ್ವಲ್ಪ ಹೊತ್ತು ಅವಳಿಗೆ ಭಾಷೆ ಕಲಿಸಿ. ಮುಂದಿನ ವರ್ಷ ಎರಡೂ ಪರೀಕ್ಷೆ ಇನ್ನೊಮ್ಮೆ ಮಾಡಿ. ಅವರು ಒಪ್ಪಿದ್ದಾರೆ.