ಟೋಕನ್ ಕೊಟ್ಟ ಮೇಲೆ ಮಾತು ಬದಲಿಸುವ ಮಾಲೀಕರು

ಮುಂಬಯಿಯಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳಲು ಹೊರಟವರು ಕಟ್ಟಡದ ವಯಸ್ಸು, ನೀರು ಬರುವ ಹೊತ್ತು, ಸ್ಟೇಷನ್ನಿನ ದೂರ ಎಲ್ಲವನ್ನೂ ವಿಚಾರಿಸುತ್ತಾರೆ. ಮಾರುವವನು ಎಂಥವನು ಎಂಬುದನ್ನು ಮಾತ್ರ ದಲ್ಲಾಳಿಯ ಬಾಯಿಮಾತಿಗೆ ಬಿಟ್ಟುಬಿಡುತ್ತಾರೆ. ಮಾಲೀಕರು ಉಡುಪಿ ಕಡೆಯವರು, ಸಂಘದ ಕಾರ್ಯಕ್ರಮಗಳಲ್ಲಿ ಕಂಡವರು ಎಂದು ತಿಳಿದರಂತೂ ನಮ್ಮವರಿಗೆ ಕಾಗದಪತ್ರ ಕೇಳುವುದೇ ಮರ್ಯಾದೆಗೇಡು ಎನಿಸುತ್ತದೆ. ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವನಾಗಿ ನಾನು ಹೇಳುವುದಿಷ್ಟು: ಮಾರುವವರ ಮನಸ್ಸನ್ನು ಅಳೆಯುವುದು ನಮ್ಮಿಂದಾಗದ ಕೆಲಸ, ಗಡುವು ನಮೂದಿಸಿದ ಕರಾರನ್ನು ನೋಂದಾಯಿಸಲು ಅವರು ತಯಾರಿದ್ದಾರೆಯೇ ಎಂಬುದನ್ನು ಮಾತ್ರ ತಿಳಿಯಬಹುದು, ಅದು ತಿಳಿಯುವವರೆಗೆ ದೊಡ್ಡ ಮೊತ್ತವನ್ನು ಕೊಡಬಾರದು.

ಮುಲುಂಡಿನಲ್ಲಿ ನನ್ನ ಪರಿಚಯದ ದಂಪತಿ ವಾಟ್ಸಾಪ್‌ನ ಒಂದು ಸಂದೇಶವನ್ನೇ ರಸೀದಿಯೆಂದು ನಂಬಿ ಐದು ಲಕ್ಷ ರೂಪಾಯಿ ಟೋಕನ್, ಅಂದರೆ ಮುಂಗಡ, ಕೊಟ್ಟಿದ್ದರು. ಕಾಗದಪತ್ರ ಕೇಳಿದಾಗ, ಹೌಸಿಂಗ್ ಸೊಸೈಟಿಯ ಸದಸ್ಯತ್ವ ತೋರಿಸುವ ಶೇರ್ ಸರ್ಟಿಫಿಕೇಟ್ ಲಾಕರ್‌ನಲ್ಲಿದೆ ಎಂದು ಮಾರುವವನಿಂದ ಮೊದಲು ಉತ್ತರ ಬಂತು. ಆಮೇಲೆ ದುಬೈಯಲ್ಲಿರುವ ತಂಗಿ ಒಪ್ಪಬೇಕು ಎಂದಾಯಿತು, ಕೊನೆಗೆ ಬೇರೆ ಪಾರ್ಟಿ ಹೆಚ್ಚು ಕೊಡುತ್ತಿದೆ ಎಂಬ ಮಾತೂ ಬಂತು. ಫ್ಲ್ಯಾಟ್ ತೀರಿಕೊಂಡ ತಂದೆಯದಾಗಿತ್ತು. ಮಾರಲು ಹೊರಟ ಮಗ ಬರೀ ನಾಮಿನಿ, ಅಂದರೆ ತಂದೆ ಸೊಸೈಟಿಗೆ ಹೆಸರು ಸೂಚಿಸಿಟ್ಟಿದ್ದವನು. ಸೊಸೈಟಿ ತನ್ನ ದಾಖಲೆಯಲ್ಲಿ ನಾಮಿನಿಯ ಹೆಸರು ಬರೆದುಕೊಂಡ ಮಾತ್ರಕ್ಕೆ ಉಳಿದ ವಾರಸುದಾರರ ಹಕ್ಕು ಅಳಿಯುವುದಿಲ್ಲ, ಅವರು ತಮ್ಮ ಹಕ್ಕು ಬಿಟ್ಟುಕೊಡುವ ನೋಂದಾಯಿತ ರಿಲೀಸ್ ಡೀಡ್ ಮಾಡಿಕೊಡಬೇಕು ಅಥವಾ ಕರಾರಿಗೆ ತಾವೂ ಸಹಿ ಹಾಕಬೇಕು. ಆ ಮಗ ಮೋಸಗಾರನೇ ಆಗಿದ್ದ ಎಂದು ನಾನು ಹೇಳಲಾರೆ. ತನ್ನದಲ್ಲದ ಪಾಲನ್ನೂ ತನ್ನದೆಂದು ಮಾರಲು ಹೊರಟು ತಂಗಿ ಒಪ್ಪದಿದ್ದಾಗ ಸಿಕ್ಕಿಬಿದ್ದ ಮನುಷ್ಯ ಅವನು. ಆದರೆ ಕೊಳ್ಳುವವರ ಪಾಲಿಗೆ ಎರಡರ ಪರಿಣಾಮವೂ ಒಂದೇ. ಹಕ್ಕಿನಲ್ಲಿರುವ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ವಿಧಿಸುತ್ತದೆಯಾದರೂ ಕೇಳದೆ ಹೇಳುವ ಮಾಲೀಕರು ಅಪರೂಪ.

ಆದ್ದರಿಂದ ಕೇಳಬೇಕು, ಹುಡುಕಬೇಕು. ರಾಜ್ಯದ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಆ ಫ್ಲ್ಯಾಟಿನ ಇಂಡೆಕ್ಸ್-2, ಅಂದರೆ ನೋಂದಣಿಯಾದ ವ್ಯವಹಾರದ ಸಾರಾಂಶ, ನೋಡಬಹುದು. ಮೂಲಪತ್ರಗಳನ್ನು ಯಾವುದಾದರೂ ಬ್ಯಾಂಕಿನಲ್ಲಿ ಅಡವಿಟ್ಟಿದ್ದಾರೆಯೇ ಎಂಬುದನ್ನು ಅಡವಿಟ್ಟ ಆಸ್ತಿಗಳ ಕೇಂದ್ರ ನೋಂದಣಿಯಾದ ಸರ್ಸೈ ದಾಖಲೆಯಲ್ಲಿ ಪರಿಶೀಲಿಸಬಹುದು. ಸಾಲ ಬಾಕಿಯಿದ್ದರೆ ನಾನೇ ತೀರಿಸಿ ಪತ್ರ ತರುತ್ತೇನೆ ಎನ್ನುವ ಮಾಲೀಕರ ಕೈಗೆ ದುಡ್ಡು ಕೊಡದೆ, ಬಾಕಿಯ ಪತ್ರ ತರಿಸಿಕೊಂಡು ಆ ಮೊತ್ತದ ಚೆಕ್ಕನ್ನು ನೇರವಾಗಿ ಅವರ ಸಾಲದ ಖಾತೆಗೇ ಬರೆಯಬೇಕು. ವಕೀಲರ ಮೂಲಕ ಪತ್ರಿಕೆಗಳಲ್ಲಿ ಸಾರ್ವಜನಿಕ ನೋಟಿಸ್ ಕೊಟ್ಟು ಆಕ್ಷೇಪಣೆಗೆ ಸಾಮಾನ್ಯವಾಗಿ 14 ದಿನ ಬಿಡುವ ಪದ್ಧತಿಯಿದೆ. ಈ ನೋಟಿಸ್ ಬೇಡವೆಂದು ಪಟ್ಟು ಹಿಡಿಯುವ ಮಾಲೀಕರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ನೋಂದಣಿಯನ್ನು ಮುಂದೂಡುವವರು ಮಾರುವವರಷ್ಟೇ ಅಲ್ಲ. ಒಂದು ಕೋಟಿಯ ಮನೆಗೆ ಮುಂಬಯಿಯಲ್ಲಿ ಮೆಟ್ರೋ ಸೆಸ್ ಸೇರಿ ಶೇಕಡಾ 6ರಂತೆ ಆರು ಲಕ್ಷ ರೂಪಾಯಿ ಮುದ್ರಾಂಕ ಶುಲ್ಕ, ಅದರ ಮೇಲೆ 30,000 ರೂಪಾಯಿ ನೋಂದಣಿ ಶುಲ್ಕ ಎಂದಾಗ ಕೊಳ್ಳುವವರೂ ಸ್ವಲ್ಪ ದಿನ ಹೋಗಲಿ ಎನ್ನುತ್ತಾರೆ. ಆ ಸ್ವಲ್ಪ ದಿನವೇ ಮಾಲೀಕರಿಗೆ ಬೆಲೆ ಏರಿಸಲು ಸಿಗುವ ಅವಕಾಶ. ಕರಾರು ಬರೆದುಕೊಂಡ ಮಾತ್ರಕ್ಕೆ ಮನೆ ನಮ್ಮದಾಗುವುದಿಲ್ಲ, ನಿಜ. ಆದರೆ ನೋಂದಾಯಿತ ಕರಾರು ಇಂಡೆಕ್ಸ್-2ರಲ್ಲಿ ಕಾಣಿಸಿಕೊಳ್ಳುವುದರಿಂದ ಅದೇ ಮನೆಯನ್ನು ಆಮೇಲೆ ಕೊಳ್ಳಲು ಬರುವವರು ತಮಗೆ ತಿಳಿದಿರಲಿಲ್ಲ ಎನ್ನಲಾಗದು.

ನಗದಿನ ಮಾತು ಎತ್ತುವವರಂತೂ ದೂರವೇ ಇರಲಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್‌ನಿಂದ ನಿಷೇಧಿಸಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ವ್ಯವಹಾರ ಮುರಿದರೆ ಚೀಟಿಯಿಲ್ಲದ ಆ ಹಣವನ್ನು ಕೇಳುವ ಬಾಯಿಯೂ ನಮಗಿರುವುದಿಲ್ಲ.

ರೇರಾಕ್ಕೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ, ಹೋಗಿ ಎಂದು ಸಲಹೆ ಕೊಡುವವರು ಬಹಳ. ಅದು ಬಿಲ್ಡರ್‌ಗಳ ಯೋಜನೆಗಳಿಗಾಗಿ ಇರುವ ವ್ಯವಸ್ಥೆ. ತಾನು ವಾಸವಿದ್ದ ಹಳೆಯ ಮನೆಯನ್ನು ಮಾರುವ ಮಾಲೀಕ ಮಾತು ತಪ್ಪಿದರೆ ಸಿವಿಲ್ ಕೋರ್ಟೇ ಗತಿ. ಅಲ್ಲಿ ಕರಾರಿನಂತೆ ಮಾರಾಟ ಮಾಡಿಕೊಡಿ ಎಂದು ದಾವೆ ಹೂಡಲು ಮೂರು ವರ್ಷಗಳ ಮಿತಿಯಿದೆ: ಕರಾರಿನಲ್ಲಿ ದಿನಾಂಕವಿದ್ದರೆ ಆ ದಿನದಿಂದ, ಇಲ್ಲದಿದ್ದರೆ ಮಾಲೀಕರು ನಿರಾಕರಿಸಿದ್ದು ನಮಗೆ ತಿಳಿದ ದಿನದಿಂದ. ಉಳಿದ ಹಣ ಕೊಡಲು ತಾವು ಸದಾ ಸಿದ್ಧರಿದ್ದೆವು ಎಂಬುದನ್ನೂ ಕೊಳ್ಳುವವರೇ ತೋರಿಸಬೇಕಾಗುತ್ತದೆ. ಬ್ಯಾಂಕಿನ ಸಾಲ ಮಂಜೂರಾತಿ ಪತ್ರವನ್ನು ಜೋಪಾನವಾಗಿಡುವುದೂ, ಹಣ ಸಿದ್ಧವಿದೆ, ಇಂಥ ದಿನ ನೋಂದಣಿಗೆ ಬನ್ನಿ ಎಂದು ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಬರೆಯುವುದೂ ಈ ಕಾರಣಕ್ಕಾಗಿಯೇ. ಅವರು ಊರಿನವರೇ ಆಗಿದ್ದರೂ ಸರಿ.