ಫೆಬ್ರವರಿ 14 ಭಗತ್ ಸಿಂಗ್ ಗಲ್ಲಿಗೇರಿದ ದಿನವಲ್ಲ

ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಾ ಕೂತಿದ್ದಾಗ ಅಣ್ಣನ ಫೋನಿಗೆ ಮತ್ತೆ ಅದೇ ಮೆಸೇಜ್ ಬಂತು: 'ಫೆಬ್ರವರಿ 14, ಭಗತ್ ಸಿಂಗ್ ಅವರನ್ನು ಗಲ್ಲಿಗೇರಿಸಿದ ದಿನ. ಎಲ್ಲರಿಗೂ ಕಳಿಸಿ.' ಕೆಲವೊಮ್ಮೆ ಇದೇ 'ಶಿಕ್ಷೆ ಘೋಷಣೆಯಾದ ದಿನ' ಅಂತ ವೇಷ ಬದಲಿಸಿಕೊಂಡು ಬರುತ್ತದೆ. ಎರಡೂ ತಪ್ಪು. ಪ್ರೇಮಿಗಳ ದಿನವನ್ನು ಬೈಯುವವರು ಬೈಯಲಿ, ಅದಕ್ಕೆ ಸುಮ್ನೆ ತಾರೀಕು ಯಾಕೆ ತಿರುಚಬೇಕು, ಅಲ್ವಾ?

ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಮರಣದಂಡನೆಯ ತೀರ್ಪು ಬಂದದ್ದು 1930ರ ಅಕ್ಟೋಬರ್ 7ರಂದು. ಭಗತ್ ಸಿಂಗ್, ರಾಜಗುರು, ಸುಖದೇವ್ ಮೂವರನ್ನೂ ಲಾಹೋರ್ ಜೈಲಿನಲ್ಲಿ ಗಲ್ಲಿಗೇರಿಸಿದ್ದು 1931ರ ಮಾರ್ಚ್ 23ರ ಸಂಜೆ. ನಿಗದಿಯಾಗಿದ್ದು ಮರುದಿನ ಬೆಳಿಗ್ಗೆಗೆ. ಅದಕ್ಕೂ ಮೊದಲೇ ಮುಗಿಸಿಬಿಟ್ಟರು. ರಾತ್ರೋರಾತ್ರಿ ಶವಗಳನ್ನು ಗುಟ್ಟಾಗಿ ಸಟ್ಲೆಜ್ ನದಿ ದಂಡೆಗೆ ಸಾಗಿಸಿ ಸುಟ್ಟರು.

ಅಣ್ಣ ಮೆಸೇಜ್ ಅಳಿಸಿದ. ಅಷ್ಟರಲ್ಲಿ ದೋಸೆ ಬಂತು.